ಎರಡಂಗುಲ ದಾರ

ಹಾರ್ಲೋ,
ಅಕ್ಟೋಬರ್ ೯, ೧೮೦೨

ಮಗಳೇ ಸಬ್ಮಿಟ್,

ಶಾಸನಸಭೆ ಸೇರಿ ಒಂಬತ್ತು ದಿನವಾಯಿತು. ಇಷ್ಟು ದಿನದಲ್ಲಿ ನಾವು ನೂರೆಂಟು ಜನ ಸೇರಿ ತೀರ್ಮಾನಿಸಿದ್ದು ಎರಡೇ ಸಂಗತಿ: ಬೆಂಚು ಸಾಲದು, ಸೌದೆ ಹಸಿ. ನದಿಗೆ ಸೇತುವೆ ಬೇಕೋ ಬೇಡವೋ ಎಂದು ಮೂರು ದಿನ ಕಿತ್ತಾಡಿದರು. ಆಚೆ ದಡದವರಿಗೆ ಬೇಕಂತೆ, ಈಚೆ ದಡದವರಿಗೆ ಬೇಡವಂತೆ. ನಾನು ಎದ್ದು ನಿಂತು, "ಹಾಗಾದರೆ ಅರ್ಧ ಸೇತುವೆ ಕಟ್ಟಿ" ಎಂದೆ. ಸಭಾಪತಿಯೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು.

ನನ್ನ ಮಸೂದೆ ಮಾತ್ರ ಒಂದು ದಾರಿ ಹಿಡಿದಿದೆ. ನಮ್ಮ ಕೋಲ್ಡ್‌ಬ್ರೂಕಿನ ಕಾನೂನು ಇನ್ನು ಇಡೀ ರಾಜ್ಯಕ್ಕೆ: ಹೊರಗಿನಿಂದ ಬರುವ ಪ್ರತಿಯೊಂದು ಕಾಗದವನ್ನೂ ಅಂಚೆಯವನು ಚಾಕುವಿನಿಂದ ಎರಡು ಕಡೆ ಸೀಳಿ, ಅಂಟಿಬಂದ ಸೋಂಕು ಸಾಯಲೆಂದು ಉರಿಯುವ ಗಂಧಕದ ಮೇಲಿಟ್ಟು ಕಾಲು ಗಂಟೆ ಹೊಗೆ ಹಾಕಿಯೇ ಕೊಡತಕ್ಕದ್ದು. ಮೊದಲ ಓದಿನಲ್ಲಿ ಗೆದ್ದೆವು, ಇನ್ನೆರಡು ಬಾಕಿ. "ಡಾಕ್ಟರ್ ವಾಡಮ್ಸ್, ನಿಮ್ಮ ಕಡೆ ಗಂಧಕ ಮಾರುವವರೂ ತಾವೇ ಅಲ್ಲವೇ?" ಎಂದು ಒಬ್ಬ ಕೆಣಕಿದ. "ಹೌದು ಸ್ವಾಮಿ, ಔಷಧಿಯನ್ನೂ ಮಾರುತ್ತೇನೆ. ಹಾಗಂತ ನಿಮ್ಮ ಹೊಟ್ಟೆನೋವು ನಾನು ತರಿಸಿದ್ದಲ್ಲ" ಎಂದೆ.

ನಿನ್ನ ತಾಯಿಯ ಹೆಸರು ಎತ್ತಲಿಲ್ಲ. ಆ ಮಸೂದೆಯ ಪ್ರತಿ ಸಾಲಿನಲ್ಲೂ ಅವಳಿದ್ದಾಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಒಂಬತ್ತು ವರ್ಷದ ಹಿಂದೆ, ಸಿಡುಬಿದ್ದ ಊರಿಂದ ಬಂದ ಆ ಒಂದು ಕಾಗದಕ್ಕೆ ಹೊಗೆ ಹಾಕಿದ್ದರೆ ನಿನ್ನ ತಾಯಿ ಡಿಲೈಟ್ ಇವತ್ತು... ಇರಲಿ. ಹಾಗೇ ಕೈಗೆತ್ತಿ ಕೊಟ್ಟ ಪುಣ್ಯಾತ್ಮ ಒಜಾಯಸ್ ಪೆಟಿಂಗಿಲ್ ಇನ್ನೂ ನಮ್ಮೂರ ಅಂಚೆಪೆಟ್ಟಿಗೆಯ ಮುಂದೆ ಕೂತಿದ್ದಾನೆ, ಭಾನುವಾರ ಚರ್ಚಿನ ಹಿರಿಯ, ಡೀಕನ್ ಎಂದು ಮೊದಲ ಸಾಲಿನಲ್ಲೂ ಕೂರುತ್ತಾನೆ. ನಾನಿಲ್ಲವೆಂದು ಹೊಗೆ ಹಾಕುವುದರಲ್ಲಿ ಕಳ್ಳಾಟ ಆಡಿಯಾನು. ಒಂದು ಕಣ್ಣಿಟ್ಟಿರು.

ಬೂದಿ ಕುದಿಸುವ ಕಡಾಯಿಯ ಕೆಳಗೆ ಉರಿ ಸಣ್ಣಗಿರಲಿ, ಸಾಬೂನಿನವರು ಕೊಳ್ಳುವ ಕ್ಷಾರ ಕಪ್ಪಾದರೆ ಪೇಟೆಯಲ್ಲಿ ಮೂಸಿ ನೋಡುವವರಿಲ್ಲ. ಕಾಕಂಬಿಯ ಪೀಪಾಯಿಗೆ ಬಿರಡೆ ಬಿಗಿಯಾಗಿ ಹಾಕು, ಮೊಮ್ಮಗಳು ರಾಕ್ಸಿ ಅದರ ಕೆಳಗೆ ಬಾಯಿ ತೆರೆದು ಮಲಗಿದ್ದನ್ನು ನಾನೇ ಕಂಡಿದ್ದೇನೆ. ಅವಳಿಗೆ ಕೆಂಪು ರಿಬ್ಬನ್ ತೆಗೆದಿದ್ದೇನೆ ಎಂದು ಹೇಳು.

ಈ ವಸತಿಗೃಹದಲ್ಲಿ ಕೆಳಗಿನ ಕೋಣೆಯ ಸದಸ್ಯರೊಬ್ಬರಿಗೆ ಜ್ವರ, ವಿಪರೀತ ಸೊಂಟನೋವು. ಶೀತ ಎನ್ನುತ್ತಾರೆ. ನನಗೇಕೋ ಆ ಸೊಂಟನೋವು ಸರಿಕಾಣಲಿಲ್ಲ.

ನಿನ್ನ ತಂದೆ,
ಜೀನಸ್ ವಾಡಮ್ಸ್
ವೈದ್ಯ, ವರ್ತಕ, ಕೋಲ್ಡ್‌ಬ್ರೂಕಿನ ಶಾಸನಸಭಾ ಸದಸ್ಯ


ಕೋಲ್ಡ್‌ಬ್ರೂಕ್,
ಅಕ್ಟೋಬರ್ ೧೩

ಅಪ್ಪಾ,

ಸುತ್ತಿ ಬಳಸಿ ಹೇಳೋಕೆ ಹೊತ್ತಿಲ್ಲ. ಊರಿಗೆ ಸಿಡುಬು ಬಂದಿದೆ. ಕಾಗದದಲ್ಲಿ ಬರಲಿಲ್ಲ, ಕಾಲ್ನಡಿಗೆಯಲ್ಲಿ ಬಂತು.

ತಗಡಿನ ಪಾತ್ರೆ ಮಾರೋ ಅಮಾಸಾ ಸೋಮವಾರ ಅಂಗಡಿಗೆ ಬಂದ. ಮೈ ಕಾದ ಬಾಣಲೆ. "ದಾರಿ ನಡೆದು ಸುಸ್ತಮ್ಮಾ" ಅಂತ ಒಲೆ ಪಕ್ಕ ಕೂತ. ನಾನು ಹಿಂದುಗಡೆ ರೈತರು ತಂದ ಬೂದಿ ಅಳೆಸ್ತಾ ಇದ್ದೆ. ಬಂದು ನೋಡಿದ್ರೆ ರಾಕ್ಸಿ ಅವನ ತೊಡೆ ಮೇಲೆ. ಅವನೊಂದು ತಗಡಿನ ತುತ್ತೂರಿ ಊದೋದು, ಅವಳ ಬಾಯಿಗೆ ಕೊಡೋದು, ಮತ್ತೆ ಇವನು ಊದೋದು. ಮಧ್ಯಾಹ್ನವೆಲ್ಲಾ ಇದೇ ಆಟ. ಇವತ್ತು ಬೆಳಿಗ್ಗೆ ಅವನ ಮುಖದ ತುಂಬಾ ಬೊಕ್ಕೆ ಎದ್ದಿದೆ.

ಅವನನ್ನ ಕಾಡಂಚಿನ ಮೇಪಲ್ ಮರದ ರಸದಿಂದ ಸಕ್ಕರೆ ಕಾಯಿಸೋ ಗುಡಿಸಲಿಗೆ ಹಾಕಿಸಿದೀನಿ, ನಾನೇ ನೋಡ್ಕೋತಿದೀನಿ. ನನಗೇನೂ ಆಗಲ್ಲ. ಏಳು ವರ್ಷದವಳಿದ್ದಾಗ ನೀವೇ ಅಕ್ಕನಿಗೂ ನನಗೂ ಸಿಡುಬಿನ ಕೀವು ಚುಚ್ಚಿ ಬದುಕಿಸಿದ್ರಿ. ಅಮ್ಮ ಬಸುರಿ, ಆಮೇಲೆ ನೋಡೋಣ ಅಂದ್ರಿ. ಆ ಆಮೇಲೆ ಬರಲೇ ಇಲ್ಲ.

ರಾಕ್ಸಿ ವಿಷಯದಲ್ಲೂ ಹಾಗೇ ಆಗ್ತಿದೆ ಅಪ್ಪಾ. ಎರಡು ವರ್ಷದಿಂದ ಹೇಳ್ತಿದ್ರಿ, ಈಗ ಹಸುವಿನ ಸಿಡುಬಿನ ದಾಕು ಬಂದಿದೆ, ತೋಳಿಗೊಂದು ಗೀರು ಹಾಕಿ ಅದರ ರಸ ತಾಗಿಸಿದ್ರೆ ಸಾಕು, ದೊಡ್ಡ ಸಿಡುಬು ಹತ್ತಿರ ಸುಳಿಯಲ್ಲ, ಅಪಾಯವೂ ಇಲ್ಲ, ತರಿಸೋಣ ಅಂತ. ಮೊದಲು ಅಂಗಡಿಗೆ ಮಹಡಿ ಎಬ್ಬಿಸಿದ್ರಿ. ಆಮೇಲೆ ಎರಡನೇ ಕಡಾಯಿ. ಆಮೇಲೆ ಚುನಾವಣೆ. ದಾಕು ಮಾತ್ರ ಬರಲಿಲ್ಲ.

ಅಕ್ಕ ಹೆತ್ತು ಕಣ್ಮುಚ್ಚುವಾಗ ಈ ಮಗೂನ ನನ್ನ ಮಡಿಲಿಗೆ ಹಾಕಿ ಹೋದಳು. ನಾಲ್ಕು ವರ್ಷ ಆಯ್ತು. ಯಾವತ್ತೂ ನಿಮ್ಮ ಮುಂದೆ ಏನೂ ಬೇಡಿದವಳಲ್ಲ. ಈಗ ಬೇಡ್ತಿದೀನಿ, ದಾಕು ಎಲ್ಲಿದ್ರೂ ತನ್ನಿ, ಇಲ್ಲಾ ಕಳಿಸಿ. ತಲೆಬಾಗು ಅಂತ ನನಗೆ ಹೆಸರಿಟ್ಟವರು ನೀವು. ಇದಕ್ಕೆ ಮಾತ್ರ ನಾನು ತಲೆಬಾಗೋಳಲ್ಲ.

ಸದ್ಯ, ಸಭೆ ನಡೆಯೋ ತಿಂಗಳು ಅಂತ ಅಂಚೆ ಸವಾರ ವಾರಕ್ಕೆ ಮೂರು ಸಲ ಓಡಾಡ್ತಾನೆ. ಡೀಕನ್ ಒಜಾಯಸ್ "ಯಾಕಮ್ಮಾ ಮುಖ ಹಿಂಗಿದೆ?" ಅಂದ್ರು. ಹೇಳಿದೆ. ಅವರು ಈ ಕಾಗದಾನ ಚೀಲದ ಮೇಲುಗಡೆ ಇಡ್ತೀನಿ ಅಂತ ಕೈಸನ್ನೆ ಮಾಡಿದ್ರು. ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಲಾ? ನೀವು ಊರಲ್ಲಿ ಇಲ್ಲದಾಗ ಅವರು ರಾಕ್ಸಿಗೆ ಸೇಬು ಸುಟ್ಟು ಕೊಡ್ತಾರೆ. "ತಾತಂಗೆ ಹೇಳ್ಬೇಡ" ಅಂತಾರಂತೆ.

ಸಬ್ಮಿಟ್


ಹಾರ್ಲೋ,
ಅಕ್ಟೋಬರ್ ೧೫

ಮಗಳೇ,

ನಿನ್ನ ಕಾಗದ ಬಂತು. ನೀನು ಬೈದದ್ದೆಲ್ಲಾ ಸರಿ, ಇನ್ನೂ ಉಳಿದಿದ್ದರೆ ಎದುರಿಗೇ ಬೈ. ಆದರೆ ಈಗ ಬರಲಾರೆ. ಆ ಸೊಂಟನೋವಿನ ಸದಸ್ಯರಿಗೂ ಸಿಡುಬೇ. ನಿನ್ನೆಯಿಂದ ನಮ್ಮ ಬಾಗಿಲಿಗೆ ಕೆಂಪು ಬಟ್ಟೆ ತೂಗುಹಾಕಿ ಕಾವಲು ನಿಲ್ಲಿಸಿದ್ದಾರೆ. ಇಪ್ಪತ್ತೊಂದು ದಿನ ಒಳಗಿನವರು ಹೊರಗಿಲ್ಲ. ಏಳು ಜನ ಶಾಸಕರು ಒಂದೇ ಸೂರಿನಡಿ, ಮಾತು ಮುಗಿಸುವವರು ಒಬ್ಬರೂ ಇಲ್ಲ. ಕಿಟಕಿಯಿಂದ ಧುಮುಕೋಣವೆಂದು ಎರಡು ಸಲ ಎದ್ದೆ. ಧುಮುಕಿ ಓಡಿ ಬಂದರೆ ಇನ್ನೊಂದು ಅಮಾಸಾ ಆಗುತ್ತೇನೆ ಎಂದು ಕೂತೆ.

ಈಗ ಗಮನವಿಟ್ಟು ಓದು. ಈ ಊರಿನ ವೈದ್ಯರನ್ನು ಕಿಟಕಿಯ ಕೆಳಗೆ ಕರೆಸಿದೆ. ಅವರ ಬಳಿ ಹಸುವಿನ ದಾಕಿನ ರಸದಲ್ಲಿ ನೆನೆಸಿ ಒಣಗಿಸಿದ ದಾರವಿತ್ತು. ಇದ್ದದ್ದೇ ಒಂದು ತುಂಡು, ಎರಡಂಗುಲ. "ಇದು ಇಲ್ಲಿನ ಜಡ್ಜರ ಮಗನಿಗೆ ಎಂದು ಇಟ್ಟಿದ್ದೆ" ಎಂದರು. ನಾನು ಎಂದೂ ಯಾರ ಮುಂದೆಯೂ ಕೈಮುಗಿದವನಲ್ಲ, ಮುಗಿದೆ. ಟೋಪಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ, ಅದರೊಳಗೆ ಹಾಕಿದರು. ಬಾತಿನ ಗರಿಯ ಟೊಳ್ಳಿನಲ್ಲಿ ಸೇರಿಸಿ ಮೇಣ ಮುಚ್ಚಿ ಈ ಕಾಗದದ ಮಡಿಕೆಯಲ್ಲಿಟ್ಟಿದ್ದೇನೆ.

ರಾಕ್ಸಿಯ ಎಡತೋಳಿನ ಮೇಲ್ಭಾಗದಲ್ಲಿ ನನ್ನ ಸಣ್ಣ ಚಾಕುವಿನಿಂದ ಗೀರು ಹಾಕು. ರಕ್ತ ಹರಿಯಬಾರದು, ಇಣುಕಬೇಕು. ದಾರವನ್ನು ಆ ಗೀರಿನೊಳಗೆ ಕೂರಿಸಿ ಬಟ್ಟೆ ಕಟ್ಟು. ದಾಕು ನಿಜವಾಗಿ ಎದ್ದರೆ ಮೊದಲ ಮೂರು ದಿನ ಏನೂ ಕಾಣದು. ಆಮೇಲೆ ಒಂದು ಕೆಂಪು ಗುಳ್ಳೆ. ಎಂಟನೇ ದಿನಕ್ಕೆ ಅದು ಮುತ್ತಿನ ಬಣ್ಣದ ಬೊಕ್ಕೆಯಾಗಿ ನಡುವೆ ತಗ್ಗಿರಬೇಕು. ಹತ್ತನೇ ದಿನಕ್ಕೆ ಅದರ ಸುತ್ತ ಕೆಂಪು ಬಳೆ. ಬಳೆ ಕಂಡಿತೋ ಮಗು ಗೆದ್ದಿತು. ಸುಮ್ಮನೆ ಕೀವಾಗಿ ಒಣಗಿದರೆ ಅದು ಹುಸಿ ದಾಕು, ಹಾಕಿಯೂ ಹಾಕದಂತೆ. ಸೋಂಕು ತಾಗಿದ ಏಳು ದಿನದೊಳಗೆ ದಾರ ತೋಳಿಗೆ ಬೀಳಬೇಕು. ಸೋಮವಾರ ಅವಳು ತುತ್ತೂರಿ ಊದಿದಳು. ಇವತ್ತು ಶುಕ್ರವಾರ.

ಒಂದು ಮಾತು ಮರೆಯಬೇಡ. ಬಿಸಿ ತಾಗಿದರೆ ರಸ ಸಾಯುತ್ತದೆ. ಸತ್ತ ದಾರ ಕಟ್ಟುವುದೂ ಒಂದೇ, ನಿನ್ನ ಲಂಗದ ಎಳೆ ಕಟ್ಟುವುದೂ ಒಂದೇ. ಅದಕ್ಕೇ ಹೊದಿಕೆಯ ಮೇಲೆ ಬರೆದಿದ್ದೇನೆ: ತಣ್ಣಗಿಡಿ, ಬೆಂಕಿಗೆ ದೂರ.

ನನ್ನ ಕೈಗೇಕೋ ಸ್ತಿಮಿತವಿಲ್ಲ, ಅಕ್ಷರ ಓದಲಾಗದಿದ್ದರೆ ಊಹಿಸಿಕೋ.

ಅಪ್ಪ


ಕೋಲ್ಡ್‌ಬ್ರೂಕ್,
ಅಕ್ಟೋಬರ್ ೨೦

ಅಪ್ಪಾ,

ದಾರ ಬಂತು, ಶನಿವಾರ ಸಂಜೆಯೇ ಕಟ್ಟಿದೆ. ಐದನೇ ದಿನ. ಏಳರೊಳಗೆ ಬಿತ್ತು.

ಬಂದ ಬಗೆ ಕೇಳಿ. ಅಂಚೆ ಸವಾರ ಕುದುರೆ ಇಳಿಯೋ ಹೊತ್ತಿಗೆ ಸೂರ್ಯ ಮುಳುಗಿತ್ತು. ಶನಿವಾರ ಸಂಜೆ ಸಬ್ಬತ್ ಶುರುವಾಯ್ತು ಅಂದ್ರೆ, ಕೆಲಸ ಮುಟ್ಟಬಾರದ ದೇವರ ದಿನ ಅಂತ, ಗವರ್ನರೇ ಬಂದು ಬಾಗಿಲು ಬಡಿದ್ರೂ ನಮ್ಮ ಡೀಕನ್ ಅಂಚೆಪೆಟ್ಟಿಗೆ ಮುಟ್ಟಲ್ಲ. ಇನ್ನು ಸೋಮವಾರದ ತನಕ ಕಾಯಬೇಕು ಅಂತ ನಾನು ಅಡಿಗೆಮನೆ ನೆಲದ ಮೇಲೆ ಕೂತು ಅಳ್ತಾ ಇದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅವರೇ! ನೀವು ಊರಸಭೆಯಲ್ಲಿ ಅವರ ಮೇಲೆ ಕಿರುಚಾಡಿದ ದಿನದಿಂದ ಒಂಬತ್ತು ವರ್ಷ ನಮ್ಮ ಹೊಸಲಿಗೆ ಬಾರದ ಮನುಷ್ಯ. ಟೋಪಿ, ಕೋಟು, ಗಡ್ಡ, ಎಲ್ಲಾ ಗಂಧಕ ನಾರ್ತಿತ್ತು. ನನಗೆ ನಾಲ್ಕು ಸೀನು ಬಂತು.

"ತಗೋ," ಅಂದ್ರು. "ಕಾನೂನು ಪ್ರಕಾರ ಹೊಗೆ ಹಾಕಿದೀನಿ. ನಿಮ್ಮಪ್ಪಂಗೆ ಹಂಗೇ ಬರಿ."

"ಒಳಗೆ ಬನ್ನಿ ಡೀಕನ್, ಒಂದು ಲೋಟ ಸೇಬಿನ ಸೈಡರ್ ಕುಡೀರಿ."

"ಈ ಮನೇಲಿ? ಬ್ಯಾಡಮ್ಮಾ. ಮೊದ್ಲು ಮಗೂನ ನೋಡು." ಅಷ್ಟು ಹೇಳಿ ಹೊರಟೇಬಿಟ್ರು.

ಬೇರೆ ದಿನ ಆಗಿದ್ರೆ ನಗ್ತಿದ್ದೆ. ನನಗೆ ಬಂದ ಒಂದೇ ಒಂದು ಪ್ರೇಮಪತ್ರವೂ ಗಂಧಕ ನಾರ್ತಾ, ಬೇಕಾದ ಮಾತು ಸರಿಯಾಗಿ ಚಾಕುವಿನ ಸೀಳಿಗೆ ಸಿಕ್ಕೇ ಬಂದದ್ದು. ನಿಮ್ಮ ಈ ಕಾಗದದಲ್ಲಿ ಒಂದಕ್ಷರವೂ ಹೋಗಿರಲಿಲ್ಲ, ದೇವರು ದೊಡ್ಡವನು.

ಗೀರು ಹಾಕುವಾಗ ರಾಕ್ಸಿ ಊರು ಒಂದಾಗೋ ಹಾಗೆ ಕೂಗಿದಳು. ಕಟ್ಟಿ ಮುಗಿಸಿದ ಮೇಲೆ, "ಚಿಕ್ಕಮ್ಮಾ, ದಾರ ಯಾಕೆ ಕಟ್ಟಿದೆ, ನಾನೇನು ಗಾಳಿಪಟನಾ?" ಅಂತ ಕೇಳಿದಳು. ಹೌದು ಕಣೇ, ಹಾರಿಹೋಗದೇ ಇರಲಿ ಅಂತ ಕಟ್ಟಿದೀನಿ ಅಂದೆ. ಹೇಳಿ ಆಚೆ ಹೋಗಿ ಮುಖ ತೊಳಕೊಂಡು ಬಂದೆ.

ಇವತ್ತು ನಾಲ್ಕನೇ ದಿನ. ಗೀರಿನ ಜಾಗ ಕೊಂಚ ಕೆಂಪಗಿದೆ. ಅದು ದಾಕೋ, ಬರೀ ಗಾಯವೋ ನನಗೆ ತಿಳೀತಿಲ್ಲ. ಊರಲ್ಲಿ ಇದನ್ನ ಹಿಂದೆ ನೋಡಿದವರು ಒಬ್ಬರಿಲ್ಲ. ಅಮಾಸಾ ಬದುಕೋ ಹಾಗೆ ಕಾಣ್ತಾನೆ, ಗಂಜಿ ಕೇಳ್ತಿದಾನೆ.

ಸಬ್ಮಿಟ್


ಹಾರ್ಲೋ,
ಅಕ್ಟೋಬರ್ ೨೨

ಸಬ್ಮಿಟ್,

ಗಂಧಕ ನಾರುತ್ತಿತ್ತು ಎಂದೆಯಲ್ಲ. ಆ ಸಾಲು ಓದಿ, ನನ್ನ ಮಸೂದೆಯ ಪ್ರತಿಯನ್ನು ತೆಗೆದು ಮತ್ತೆ ಓದಿದೆ.

ಬೆಂಕಿಗೆ ದೂರ ಎಂದು ನಿನಗೆ ಬರೆದೆ. ಅಂಚೆಯವನಿಗೆ ಬೆಂಕಿಗೆ ಹಿಡಿ ಎಂದು ಒಂಬತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದೇನೆ! ಇದು ನನಗೆ ಹೊಳೆಯಲೇ ಇಲ್ಲ, ಮಗಳೇ. ಅದೇ ಕಾನೂನನ್ನು ರಾಜ್ಯಕ್ಕೆಲ್ಲಾ ಹರಡುತ್ತೇನೆಂದು ಇಲ್ಲಿ ಕೂತು ಮೇಜು ಗುದ್ದುತ್ತಿರುವವನಿಗೆ ತನ್ನ ಕಾಗದಕ್ಕೂ ಹೊಗೆ ಬೀಳುತ್ತದೆಂದು ಹೊಳೆಯಲಿಲ್ಲ. ಕಾಲು ಗಂಟೆ ಉರಿಯುವ ಗಂಧಕದ ಮೇಲಿಟ್ಟರೆ ಮೇಣ ಕರಗುತ್ತದೆ, ಗರಿ ಸುರುಟುತ್ತದೆ, ದಾರದಲ್ಲಿ ಒಂದು ಹನಿ ಜೀವ ಉಳಿಯದು. ಕಾನೂನು ನನ್ನದು, ಗಂಧಕ ನನ್ನ ಅಂಗಡಿಯದು, ದಾರ ನಾನೇ ಕಳಿಸಿದ್ದು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಣ್ಣುವುದು ಆ ಮಗುವೇ?

ಇನ್ನೊಂದು ದಾರವಿಲ್ಲ. ಇದ್ದರೂ ಏಳು ದಿನ ಕಳೆಯಿತು. ಮೇಣ ಕರಗಿತ್ತೇ? ಗರಿ ಕಂದಿತ್ತೇ? ನೆನಪು ಮಾಡಿಕೊಂಡು ಬರೆ. ಒಜಾಯಸ್ ಹೊಗೆ ಹಾಕುವುದರಲ್ಲಿ ಕಳ್ಳಾಟ ಆಡಿಯಾನು, ಕಣ್ಣಿಟ್ಟಿರು ಎಂದಿದ್ದೆ. ಇವತ್ತು ಬೆಳಿಗ್ಗೆಯಿಂದ ಮೊಣಕಾಲೂರಿ, ಅವನು ಕಳ್ಳಾಟ ಆಡಿರಲಪ್ಪಾ ಎಂದು ಬೇಡುತ್ತಿದ್ದೇನೆ. ಆಡಿರುವುದಿಲ್ಲ. ಆ ಮನುಷ್ಯ ನನ್ನ ಮೇಲಿನ ಛಲಕ್ಕೇ ಒಂದು ಕಾಗದವನ್ನೂ ಬಿಟ್ಟವನಲ್ಲ.

ಇದರೊಳಗೆ ಅವನಿಗೊಂದು ಚೀಟಿಯಿದೆ. ಕೊಡು.

ಅಪ್ಪ


ಅಕ್ಟೋಬರ್ ೨೨

ಒಜಾಯಸ್,

ಎಷ್ಟು ಹೊತ್ತು ಹೊಗೆ ಹಾಕಿದೆ?

ಜೀ. ವಾ.


ಕೋಲ್ಡ್‌ಬ್ರೂಕ್,
ಅಕ್ಟೋಬರ್ ೨೬

ಅಪ್ಪಾ! ಬಳೆ ಬಂತು!

ಮೊದಲು ಇದನ್ನ ಓದಿ ಉಸಿರು ಬಿಡಿ, ಮಿಕ್ಕಿದ್ದು ಆಮೇಲೆ. ಎಂಟನೇ ದಿನ ಬೊಕ್ಕೆ ಎದ್ದಿತ್ತು, ಮುತ್ತಿನ ಬಣ್ಣ, ನಡುವೆ ತಗ್ಗು, ಬೆರಳಿಂದ ಒತ್ತಿದ ಹಾಗೆ. ಅವತ್ತೇ ಬರೀಬೇಕು ಅಂತ ಲೇಖನಿ ಹಿಡಿದೆ, ಹುಸಿ ಆಸೆ ತೋರಿಸಿ ನಿಮ್ಮನ್ನ ಎರಡು ಸಲ ಕೊಲ್ಲೋದು ಬೇಡ ಅಂತ ಇಟ್ಟೆ. ಇವತ್ತು ಹತ್ತನೇ ದಿನ. ಬೆಳಿಗ್ಗೆ ಕಿಟಕಿ ಹತ್ತಿರ ಕರಕೊಂಡು ಹೋಗಿ ಬಟ್ಟೆ ಬಿಚ್ಚಿದ್ರೆ ಸುತ್ತ ಕೆಂಪು ಬಳೆ, ನೀವು ಬರೆದ ಹಾಗೇ. ನಿನ್ನೆ ಕೊಂಚ ಮೈ ಬಿಸಿ ಇತ್ತು, ಇವತ್ತು ಅದೂ ಇಲ್ಲ. ಬಳೆ ಬಂತು ಬಳೆ ಬಂತು ಅಂತ ನಾನು ಕೂಗಿದ್ದಕ್ಕೆ, "ಎಲ್ಲಿ ಬಳೆ, ಕೊಡು" ಅಂತ ರಾಕ್ಸಿ ಕೈ ಚಾಚಿದಳು. ಒಂದು ಬಳೆ ತನ್ನಿ ಇನ್ನು, ರಿಬ್ಬನ್ ಸಾಲದು.

ತುತ್ತೂರಿ ಊದಿ ಹದಿನೈದು ದಿನ ಆಯ್ತು. ಬರೋದಿದ್ರೆ ಇಷ್ಟರಲ್ಲಿ ಬರಬೇಕಿತ್ತು. ಅವಳು ಈಗ ಕಾಕಂಬಿ ಪೀಪಾಯಿ ಕೆಳಗೆ ಮಲಗಿದಾಳೆ. ನಾನೇ ಬಿರಡೆ ತೆಗೆದೆ. ಹೋದ ಜೀವ ಬಂದ ಹಾಗಾಗಿದೆ ಅಪ್ಪಾ, ನನಗೆ ಅಳುವೂ ನಗುವೂ ಒಟ್ಟಿಗೇ ಬರ್ತಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಮೇಣ ಕರಗಿರಲಿಲ್ಲ. ಗರಿ ಬೆಳ್ಳಗೇ ಇತ್ತು. ಹೊಗೆ ಹಾಕಿಯೂ ಅದು ಹೇಗೆ ಉಳೀತು ಅಂತ ನನಗೆ ತಿಳೀತಿಲ್ಲ. ಚೀಟಿ ಕೊಟ್ಟಾಗ ಡೀಕನ್ ಕನ್ನಡಕ ಹಾಕಿ ಓದಿದ್ರು. ಒಂದೇ ಸಾಲು, ಆದ್ರೂ ಬಹಳ ಹೊತ್ತು ಓದಿದ್ರು. ಆ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ್ರು. "ಮೂರು ಹಾಳೆ ಹರಿದು ಹಾಕಿದಾರೆ, ಯಾರು ಸತ್ರಮ್ಮಾ?" ಅಂತ ಅವರ ಹೆಂಡ್ತಿ ಬಂದು ನನ್ನ ಕೇಳಿದ್ರು. ಯಾರೂ ಸಾಯಲಿಲ್ಲ ಅಂದೆ. ಹಾಗನ್ನೋಕೆ ಎಷ್ಟು ಹಿತವಾಗಿತ್ತು ಗೊತ್ತಾ?

ಅವರ ಕಾಗದ ಇದರ ಜೊತೆಗೇ ಬರ್ತಿದೆ.

ನಿಮ್ಮ ಸಬ್ಮಿಟ್


ಕೋಲ್ಡ್‌ಬ್ರೂಕ್ ಅಂಚೆ,
ಅಕ್ಟೋಬರ್ ೨೬

ಜೀನಸ್,

ಎಷ್ಟು ಹೊತ್ತು ಹೊಗೆ ಹಾಕಿದೆ ಅಂತ ಕೇಳಿದೀಯ. ಹಾಕಲಿಲ್ಲ.

ಪೂರಾ ಹೇಳ್ತೀನಿ ಕೇಳು, ಎರಡನೇ ಸಲ ಹೇಳೋನಲ್ಲ. ಕಾಗದ ಕೈಗೆ ಬಂದಾಗ ಮೇಲುಗಡೆ ನಿನ್ನ ಅಕ್ಷರ ಕಂಡೆ. ತಣ್ಣಗಿಡಿ, ಬೆಂಕಿಗೆ ದೂರ. ಒಳಗೆ ಗರಿ ಕೈಗೆ ಹತ್ತಿತು. ನಾನೂ ಪತ್ರಿಕೆ ಓದೋನೇ, ಗರಿಯೊಳಗೆ ಏನು ಕಳಿಸ್ತಾರೆ ಅಂತ ಗೊತ್ತು. ಎದುರುಗಡೆ ಗೋಡೆ ಮೇಲೆ ನಿನ್ನ ಕಾನೂನು ಅಂಟಿಸಿದೆ, ಅದೂ ನಿನ್ನ ಅಕ್ಷರವೇ. ಎರಡನ್ನೂ ನೋಡಿದೆ. ಕಾನೂನು ಬರೆದ ಕೈ ಗಟ್ಟಿಯಾಗಿದೆ, ಸಿಟ್ಟಿನ ಕೈ. ಹೊದಿಕೆ ಮೇಲಿನ ಕೈ ನಡುಗಿದೆ. ನಿನ್ನ ಕೈ ಹಂಗೆ ನಡುಗಿದ್ದನ್ನ ನಾನು ಒಂದೇ ಸಲ ಕಂಡಿರೋದು, ಡಿಲೈಟಮ್ಮನ ಹೆಸರನ್ನ ಚರ್ಚಿನ ಮರಣದ ಪುಸ್ತಕದಲ್ಲಿ ನೀನು ಬರೆದಾಗ. ಪುಸ್ತಕ ಹಿಡಿದಿದ್ದೋನು ನಾನು.

ನಡುಗಿದ ಕೈಯನ್ನೇ ನಂಬಿದೆ.

ಅಂಗಳದಲ್ಲಿ ನಾಲ್ಕು ಜನ ನಿಂತಿದ್ರು. ಹೊಗೆ ಕಾಣದಿದ್ರೆ ಸುದ್ದಿ ಊರೆಲ್ಲಾ ಹಬ್ಬುತ್ತೆ. ಅದಕ್ಕೆ ಖಾಲಿ ಪೆಟ್ಟಿಗೆಗೆ ಗಂಧಕ ಹಚ್ಚಿ ಪಕ್ಕದಲ್ಲಿ ಕೂತು ಕೆಮ್ಮಿದೆ. ಕಾಗದ ಆಗ ಹಿತ್ತಲ ತೊರೆಯಲ್ಲಿ, ನನ್ನ ಹೆಂಡ್ತಿಯ ಬೆಣ್ಣೆ ಗಡಿಗೆಯೊಳಗೆ ತಣ್ಣಗಿತ್ತು. ಸೀಳು ಕೂಡ ಹಾಕಿರಲಿಲ್ಲ. ನಿನ್ನ ಮಗಳಿಗೆ ಅಷ್ಟು ಬುದ್ಧಿ, ಅದೊಂದು ಹೊಳೀಲಿಲ್ಲ. ಸಬ್ಬತ್ ದಿನ ಅಂಚೆ ಮುಟ್ಟಿದೆ, ಡೀಕನ್ ಆಗಿ ಸುಳ್ಳು ಹೇಳಿದೆ. ಅದನ್ನ ನಾನು ಮೇಲಿನವನ ಹತ್ತಿರ ಮಾತಾಡ್ಕೋತೀನಿ.

ಈ ಹತ್ತು ದಿನ ನನಗೆ ಅನ್ನ ಸೇರಲಿಲ್ಲ. ಸಿಡುಬಿನ ಮನೆಯಿಂದ ಬಂದ ಕಾಗದ, ಹೊಗೆ ಹಾಕದೆ ಕೊಟ್ಟಿದೀನಿ. ಆ ಮಗೂಗೆ ಏನಾದ್ರೂ ಆಗಿದ್ರೆ ನೀನು ಮತ್ತೆ ಊರಸಭೆಯಲ್ಲಿ ಎದ್ದು ನಿಂತು ನನ್ನ ಕಡೆ ಬೆರಳು ತೋರಿಸ್ತಿದ್ದೆ. ಈ ಸಲ ನಾನೇ ಎದ್ದು ಹೌದು ಅಂತಿದ್ದೆ.

ಒಂಬತ್ತು ವರ್ಷದ ಹಿಂದೆ ಕಾಗದಾನ ಹೊಗೆ ಹಾಕದೆ ಕೊಟ್ಟೆ ಅಂತ ನೀನು ನನ್ನ ಕೊಲೆಗಾರ ಅಂದೆ. ಈಗಲೂ ಹೊಗೆ ಹಾಕದೆಯೇ ಕೊಟ್ಟಿದೀನಿ. ಈಗ ಏನಂತೀಯ, ಅನ್ನು.

ಒ. ಪೆಟಿಂಗಿಲ್, ಅಂಚೆಯವನು

ಮಗು ಬಳೆ ತೋರಿಸೋಕೆ ಬಂದಿತ್ತು. ಸುಟ್ಟ ಸೇಬು ಕೊಟ್ಟೆ. ಇನ್ನು ಕದ್ದುಮುಚ್ಚಿ ಕೊಡಲ್ಲ.


ಹಾರ್ಲೋ,
ಅಕ್ಟೋಬರ್ ೨೯

ಒಜಾಯಸ್,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಓದಿ ಜೋರಾಗಿ ನಕ್ಕೆ, ಖಾಲಿ ಪೆಟ್ಟಿಗೆಯ ಪಕ್ಕ ಕೂತು ನೀನು ಕೆಮ್ಮಿದ್ದನ್ನು ನೆನೆದು. ಜೊತೆಗಿದ್ದ ಶಾಸಕರು ನನಗೂ ಜ್ವರ ನೆತ್ತಿಗೇರಿತೆಂದು ಕೋಣೆ ಬಿಟ್ಟು ಹೋದರು. ನಾಲ್ಕನೇ ಸಲ ಓದುವಾಗ ಕಣ್ಣು ಕಾಣಲಿಲ್ಲ.

ನನ್ನ ಮಸೂದೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಕಿಟಕಿಯಿಂದ ಕೂಗಿ ಹೇಳಿದೆ, ಗುಮಾಸ್ತ ರಸ್ತೆಯಲ್ಲಿ ನಿಂತು ಬರೆದುಕೊಂಡ. "ಯಾಕೆ ಡಾಕ್ಟರ್, ಗೆಲ್ಲುವ ಮಸೂದೆ ಅಲ್ಲವೇ?" ಎಂದ. ನಮ್ಮೂರ ಅಂಚೆಯವನು ಒಪ್ಪಲಿಲ್ಲ ಎಂದೆ.

ಈಗ ಏನಂತೀಯ ಎಂದು ಕೇಳಿದ್ದೀಯ. ಹೇಳುತ್ತೇನೆ. ಈ ಮಾತನ್ನು ಮಗಳಿಗೂ ಹೇಳಿಲ್ಲ, ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡಿಲ್ಲ. ಆ ವರ್ಷ ಆ ಕಾಗದ ಬಂದ ವಾರವೇ ನಾನು ಬೆಟ್ಟದಾಚೆ ಸಿಡುಬಿನ ಮನೆಗಳಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ರೋಗಿಗಳ ಹಾಸಿಗೆಯ ಮೇಲೆ ಕೂತ ಕೋಟಿನಲ್ಲೇ ಸಂಜೆ ಮನೆಗೆ ಬಂದು ಡಿಲೈಟಳ ಪಕ್ಕ ಕೂರುತ್ತಿದ್ದೆ. ಬದಲಿಸಲು ಪುರುಸೊತ್ತಿರಲಿಲ್ಲ. ಅವಳಿಗೆ ಕೀವು ಚುಚ್ಚಲೂ ಪುರುಸೊತ್ತಿರಲಿಲ್ಲ. ಅವಳು ಹೋದ ಮೇಲೆ ಕಾಗದವನ್ನು ಹಿಡಿದುಕೊಂಡೆ, ಕಾಗದದ ಜೊತೆ ನಿನ್ನನ್ನು ಹಿಡಿದುಕೊಂಡೆ. ಯಾವುದಾದರೊಂದನ್ನು ಹಿಡಿಯದಿದ್ದರೆ ಆ ಕೋಟನ್ನೇ ನೋಡಬೇಕಿತ್ತು. ಅವಳನ್ನು ಕೊಂದವನು ನೀನಲ್ಲ, ಒಜಾಯಸ್. ನನಗೆ ಅವತ್ತೂ ಗೊತ್ತಿತ್ತು. ಒಂಬತ್ತು ವರ್ಷ ನಿನ್ನ ಕೈಯಲ್ಲಿ ಊರಿನ ಕಾಗದಗಳಿಗೆಲ್ಲಾ ಹೊಗೆ ಹಾಕಿಸಿದೆ, ಆ ಕೋಟಿಗೆ ಒಂದು ದಿನವೂ ಹಾಕಲಿಲ್ಲ.

ಇದನ್ನು ಮುಂದಿನ ಊರಸಭೆಯಲ್ಲಿ, ಅವತ್ತು ನಿಂತ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಅದಕ್ಕೆ ಮುಂಚೆ ನಿನಗೆ ಹೇಳಬೇಕಿತ್ತು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ. ನೀನು ಹಾಕಿಕೊಳ್ಳದಿದ್ದರೂ ನ್ಯಾಯವೇ. ಆದರೆ ನನ್ನ ಮಗುವನ್ನು ಉಳಿಸಿದ್ದೀಯ, ಅದನ್ನು ಮಾತ್ರ ಸಾಯುವವರೆಗೆ ಹೇಳುತ್ತಲೇ ಇರುತ್ತೇನೆ, ನೀನು ಕಿವಿ ಮುಚ್ಚಿಕೊಂಡರೂ.

ನಾಲ್ಕನೇ ತಾರೀಖು ಕೆಂಪು ಬಟ್ಟೆ ಇಳಿಸುತ್ತಾರೆ. ಶನಿವಾರ ಸೂರ್ಯ ಮುಳುಗುವ ಮುಂಚೆ ನಿನ್ನ ಅಂಗಳದಲ್ಲಿರುತ್ತೇನೆ, ಸಬ್ಬತ್ ಮುರಿಯುವ ಪಾಪ ನಿನಗೆ ಮತ್ತೆ ಬೇಡ. ನನ್ನ ಬಳಿ ಇರುವುದು ಅದೇ ಹಳೇ ಕೋಟು. ಬಾಗಿಲಲ್ಲೇ ನಿಲ್ಲಿಸಿ ಕೋಟಿಗೂ ಹೊಗೆ ಹಾಕು, ನನಗೂ ಹಾಕು. ಕಾಲು ಗಂಟೆ ಬೇಡ, ಒಂದು ಗಂಟೆ ಬೇಕಾದರೆ ಹಾಕು. ಆಮೇಲೆ ಒಳಗೆ ಕರಿ.

ಜೀನಸ್